ಸಂಘವೂ ತನ್ನನ್ನು ಅಳೆದುಕೊಳ್ಳಲಿ



ದಿನ ಬೆಳಗಾದರೆ ನೀವು ಹಾಲು ಹಿಡಿದು ಡೈರಿಗೆ ಹೋಗುತ್ತೀರಿ. ಅಲ್ಲಿ ಹಾಲನ್ನು ಅಳೆಯುತ್ತಾರೆ, ಡಿಗ್ರಿ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ. ನೀರು ಬೆರೆತಿದ್ದರೆ ಹಿಂದಕ್ಕೆ ಕೊಡುತ್ತಾರೆ. ಅದು ಸರಿಯೆ. ಆದರೆ ನಿಮ್ಮನ್ನು ಅಳೆಯುವ ಸಂಘವನ್ನು ಅಳೆಯುವವರು ಯಾರು? ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಲೆಕ್ಕ ಓದ್ತಾರಲ್ಲ, ಅಂತೀರೇನೋ. ವರ್ಷದ ಕೊನೆಗೆ ತಿಳಿದ ನಷ್ಟ ಒಡೆದ ಹಾಲಿದ್ದ ಹಾಗೆ. ಅದನ್ನು ಮತ್ತೆ ಹಾಲು ಮಾಡಲಾಗದು.

ಅಳತೆ ಅಂದಕೂಡಲೆ ಉದ್ದುದ್ದ ಪಟ್ಟಿ ಹಾಕಬೇಡಿ. ಮೊದಲಿಗೆ ಮೂರೇ ಅಂಕಿ ಸಾಕು. ಒಂದು: ಸದಸ್ಯರಿಂದ ಪಡೆದ ಹಾಲಿನಲ್ಲಿ ಊರೊಳಗೆ ಮಾರಿದ್ದನ್ನು ಕಳೆದು, ಒಕ್ಕೂಟಕ್ಕೆ ಮುಟ್ಟಿದ್ದು ಎಷ್ಟು ಲೀಟರು ಕಡಿಮೆ? ಎರಡು: ಸಂಘದಲ್ಲಿ ಕಂಡ ಫ್ಯಾಟಿಗೂ ಒಕ್ಕೂಟದಲ್ಲಿ ಕಂಡ ಫ್ಯಾಟಿಗೂ ಎಷ್ಟು ವ್ಯತ್ಯಾಸ? ಮೂರು: ಬಟವಾಡೆ ಗೊತ್ತಾದ ದಿನಕ್ಕಿಂತ ಎಷ್ಟು ದಿನ ತಡ? ಈ ಮೂರನ್ನೂ ಡೈರಿಯ ಗೋಡೆಯ ಕರಿಹಲಗೆಯ ಮೇಲೆ, ಎಲ್ಲರಿಗೂ ಕಾಣುವಂತೆ ಬರೆಯಬೇಕು.

ಮೊದಲ ತಿಂಗಳು ಬರೆಯುವುದಷ್ಟೇ ಕೆಲಸ. ಯಾರನ್ನೂ ಬೈಯಬಾರದು. ಯಾಕೆ ಗೊತ್ತೇ? ಒಂದು ದಿನದ ಅಂಕಿ ತೀರ್ಪಲ್ಲ. ಕರೆಯುವಾಗ ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದು ಗಟ್ಟಿ. ಸಾಮಾನ್ಯವಾಗಿ ಬೆಳಗಿನ ಹಾಲಿಗಿಂತ ಸಂಜೆಯ ಹಾಲಿನಲ್ಲಿ ಫ್ಯಾಟ್ ಹೆಚ್ಚು. ನಿಂತ ಹಾಲಿನಲ್ಲಿ ಕೆನೆ ಮೇಲೇರುತ್ತದೆ. ಚೆನ್ನಾಗಿ ಕಲಕದೆ ಮಾದರಿ ತೆಗೆದರೆ ಪರೀಕ್ಷೆಯೇ ಸುಳ್ಳಾಗುತ್ತದೆ. ಆದ್ದರಿಂದ ಹತ್ತು ದಿನದ ಸರಾಸರಿ ನೋಡಿ, ಆಮೇಲೆ ಮಾತಾಡಿ.

ಇನ್ನು ಮುಖ್ಯ ಮಾತು. ಫ್ಯಾಟ್ ವ್ಯತ್ಯಾಸ ಬಂತು ಅಂತ ಆಡಳಿತ ಮಂಡಳಿಯವರು ಪರೀಕ್ಷೆ ಮಾಡುವ ಹುಡುಗನ ಮೇಲೆ ರೇಗಿದರು ಅನ್ನಿ. "ಇನ್ನೊಮ್ಮೆ ಹೀಗಾದರೆ ಸಂಬಳ ಹಿಡೀತೀವಿ" ಅಂದರು. ಪಾಪ, ಅವನೇನು ಮಾಡಿಯಾನು? ಪ್ರತಿಯೊಬ್ಬರ ಹಾಲಿಗೂ ಒಂದು ಪಾಯಿಂಟು ಕಡಿಮೆ ಬರೆದಾನು. ಹಲಗೆಯ ಮೇಲಿನ ನಷ್ಟ ಮಾಯವಾಗುತ್ತದೆ. ಆದರೆ ಅದು ಹೋಗುವುದು ನಿಮ್ಮ ಜೇಬಿನಿಂದ! ಒಂದೇ ಹಸು ಕಟ್ಟಿಕೊಂಡು ಸಂಸಾರ ತೂಗಿಸುವ ತಾಯಿಗೆ ಆ ಪಾಯಿಂಟು ಸಣ್ಣದಲ್ಲ. ಹೆದರಿಕೆಯಿಂದ ಬರೆದ ಅಂಕಿ ಸುಳ್ಳು ಹೇಳುತ್ತದೆ. ಅಂಕಿ ಕೆಟ್ಟಾಗ "ಯಾರು ಮಾಡಿದ್ದು?" ಎಂದು ಕೇಳುವ ಮೊದಲು "ಎಲ್ಲಿ ತಪ್ಪಿತು?" ಎಂದು ಕೇಳಿರಿ. ತೂಕದ ಯಂತ್ರ ಸರಿಯಿದೆಯೆ? ಕ್ಯಾನಿನ ಮುಚ್ಚಳ ಸೋರುತ್ತದೆಯೆ? ಗಾಡಿ ತಡವಾಗಿ ಬಂದು ಹಾಲು ಹುಳಿಯಾಯಿತೆ?

ಶುರು ಮಾಡುವುದು ಸುಲಭ, ನಡೆಸಿಕೊಂಡು ಹೋಗುವುದು ಕಷ್ಟ. ಎರಡು ತಿಂಗಳು ಬರೆದು, ಮೂರನೆಯದರಲ್ಲಿ ಹಲಗೆ ಒರೆಸಿ ಹಬ್ಬದ ಶುಭಾಶಯ ಬರೆದ ಸಂಘಗಳೂ ಉಂಟು! ಡೆನ್ಮಾರ್ಕ್ ದೇಶದ ವೇಯೆನ್ ಎಂಬಲ್ಲಿ 1895ರಲ್ಲಿ ರೈತರು ಕೂಡಿ ಹಸುಗಳ ಹಾಲನ್ನು ಅಳೆದು ದಾಖಲಿಸುವ ಸಂಘ ಕಟ್ಟಿದರು. ಅಂಥ ಸಂಘಗಳಲ್ಲಿ ಈ ಕೆಲಸಕ್ಕೆಂದೇ ಒಬ್ಬ ಸಹಾಯಕ ಇರುತ್ತಿದ್ದ. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹೋಗಿ ಅಳೆದು ಬರೆಯುತ್ತಿದ್ದ. ನಾವು ಕಲಿಯಬೇಕಾದದ್ದು ಇದೇ: ಬರೆಯುವವರು ಯಾರು, ಎಷ್ಟು ಹೊತ್ತಿಗೆ, ಅವರು ರಜೆಯಲ್ಲಿದ್ದರೆ ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿ. ವಿದ್ಯುನ್ಮಾನ ತೂಕದ ಯಂತ್ರಕ್ಕೆ ವರ್ಷಕ್ಕೊಮ್ಮೆ ತಪ್ಪದೆ ಸರ್ಕಾರಿ ಮುದ್ರೆ ಹಾಕಿಸಿ.

ತಿಂಗಳಿಗೊಂದು ಸಂಜೆ ಅರ್ಧ ಗಂಟೆ ಹಲಗೆಯ ಮುಂದೆ ಕೂತುಕೊಳ್ಳಿ. ಹೆಣ್ಣುಮಕ್ಕಳನ್ನು ತಪ್ಪದೆ ಕರೆಯಿರಿ; ಹಾಲು ಕರೆಯುವ ಕೈ ಹೆಚ್ಚಾಗಿ ಅವರದೇ. ಆ ತಿಂಗಳಿಗೆ ಒಂದೇ ಒಂದು ಕೊರತೆ ಆರಿಸಿ ಸರಿಪಡಿಸಿ. ಮುಂದಿನ ತಿಂಗಳು ಅಂಕಿ ಇಳಿಯಿತೋ ಇಲ್ಲವೋ ನೋಡಿ. ಇಳಿದರೆ ಆ ಪರೀಕ್ಷೆಯ ಹುಡುಗನಿಗೂ ನಾಲ್ಕು ಜನರ ಎದುರಿಗೆ ಒಂದು ಒಳ್ಳೆಯ ಮಾತು ಹೇಳಿ.

ಹಾಗಾದರೆ ತಡವೇಕೆ? ನಾಳೆ ಹಾಲು ಹಾಕಲು ಹೋದಾಗ ಕಾರ್ಯದರ್ಶಿಗಳನ್ನು ಕೇಳಿ: "ಸ್ವಾಮಿ, ನಮ್ಮ ಹಲಗೆ ಎಲ್ಲಿ?"