ಪಕ್ಕದವರ ಕಿವಿಗೆ ಬೀಳದ ಮಾತು



ಚಿಕ್ಕಪೇಟೆಯ ಸೀರೆ ಅಂಗಡಿಗೆ ಹೋದವರೆಲ್ಲ ಇದನ್ನು ಕಂಡಿರುತ್ತೀರಿ. ಬಿಳಿ ಹಾಸಿನ ಮೇಲೆ ಅತ್ತಿಗೆ, ನಾದಿನಿ ಕುಳಿತಿದ್ದಾರೆ. ಅಂಗಡಿಯವರು ಎರಡು ನಿಮಿಷ ಅವರ ಮಾತು ಕೇಳಿಸಿಕೊಳ್ಳುತ್ತಾರೆ. ಆಮೇಲೆ ನಾದಿನಿಯ ಮುಂದೆ ಸೆರಗು ಹರಡಿ, "ನಿನ್ನೆ ತಾನೇ ಬಂದ ಡಿಸೈನ್ ಮೇಡಂ, ಇನ್ನೂ ಯಾರೂ ಉಟ್ಟಿಲ್ಲ" ಎನ್ನುತ್ತಾರೆ. ಅದೇ ಸೀರೆಯ ಅಂಚನ್ನು ಅತ್ತಿಗೆಯ ಕೈಗಿಟ್ಟು, "ಮುಟ್ಟಿ ನೋಡಿ ಅಮ್ಮ, ನೂಲು ಗಟ್ಟಿ. ಬಣ್ಣ ಹೋದರೆ ವಾಪಸ್ ತನ್ನಿ" ಎನ್ನುತ್ತಾರೆ. ಸೀರೆ ಒಂದೇ, ಮಾತು ಎರಡು. ಇದರಲ್ಲಿ ಮೋಸವಿಲ್ಲ. ಏಕೆಂದರೆ ಎರಡೂ ಮಾತು ಇಬ್ಬರ ಕಿವಿಗೂ ಬಿದ್ದಿವೆ. ಇದೊಂದು ಸಂಗತಿಯನ್ನು ನೆನಪಿನಲ್ಲಿಡಿ; ನನ್ನ ಇಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಅಂಗಡಿಯವರು ಮಾತಿನಿಂದ ಅರಿತ ಸ್ವಭಾವವನ್ನು ಅಳೆಯಲು ಮನಶ್ಶಾಸ್ತ್ರಜ್ಞರು ಐದು ಗುಣಗಳನ್ನು ಹಿಡಿಯುತ್ತಾರೆ: ಹೊಸದರ ಬಗೆಗಿನ ಒಲವು, ಶಿಸ್ತು, ಜನರೊಡನೆ ಬೆರೆಯುವಿಕೆ, ಹೊಂದಿಕೊಂಡು ಹೋಗುವ ಗುಣ, ಆತಂಕ. ಮೊದಲೆಲ್ಲ ಇದನ್ನು ತಿಳಿಯಲು ಪ್ರಶ್ನೆಪತ್ರಿಕೆ ತುಂಬಿಸಬೇಕಿತ್ತು. 2013ರಲ್ಲಿ ಕೊಸಿನ್ಸ್ಕಿ, ಸ್ಟಿಲ್‌ವೆಲ್ ಮತ್ತು ಗ್ರೇಪೆಲ್ ಎಂಬ ಸಂಶೋಧಕರು 58,000ಕ್ಕೂ ಹೆಚ್ಚು ಜನರ ಫೇಸ್‌ಬುಕ್ ಲೈಕ್‌ಗಳಿಂದಲೇ ಇದನ್ನು ಊಹಿಸಬಹುದೆಂದು ತೋರಿಸಿದರು. ಎರಡು ವರ್ಷಗಳ ನಂತರ ಬಂದ ಇನ್ನೊಂದು ಅಧ್ಯಯನದ ಪ್ರಕಾರ, ಹತ್ತು ಲೈಕ್ ಸಿಕ್ಕರೆ ಯಂತ್ರ ನಮ್ಮನ್ನು ಸಹೋದ್ಯೋಗಿಗಿಂತ ಚೆನ್ನಾಗಿ ಅಳೆಯುತ್ತದೆ. ಮುನ್ನೂರು ಸಿಕ್ಕರೆ ಗಂಡ ಅಥವಾ ಹೆಂಡತಿಯನ್ನೂ ಮೀರಿಸುತ್ತದೆ.

ಅಳತೆ ಸಿಕ್ಕ ಮೇಲೆ ಹೊಲಿಗೆ ತಾನೇ? 2017ರಲ್ಲಿ ಸಾಂಡ್ರಾ ಮ್ಯಾಟ್ಸ್ ಮತ್ತು ಸಂಗಡಿಗರು 35 ಲಕ್ಷಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ಮಾಡಿದರು. ಅದರ ಒಂದು ಭಾಗದಲ್ಲಿ, ಒಂದೇ ಸೌಂದರ್ಯ ಸಾಧನಕ್ಕೆ, ಜನರೊಡನೆ ಬೆರೆಯುವವರಿಗೆ ಒಂದು ಬಗೆಯ ಜಾಹೀರಾತು, ತಮ್ಮಷ್ಟಕ್ಕೆ ಇರುವವರಿಗೆ ಇನ್ನೊಂದು ಬಗೆಯದು. ಸ್ವಭಾವಕ್ಕೆ ಹೊಂದಿದಾಗ ಖರೀದಿ ಶೇ. 50ರವರೆಗೂ ಹೆಚ್ಚಿತೆಂದು ಅವರು ಬರೆದರು. ಆದರೆ ಯಾರಿಗೆ ಯಾವ ಜಾಹೀರಾತು ತೋರಿಸಬೇಕೆಂದು ಫೇಸ್‌ಬುಕ್ ಯಂತ್ರವೂ ತಾನೇ ಆರಿಸುತ್ತದೆ. ಆದ್ದರಿಂದ ಹೆಚ್ಚಳವೆಲ್ಲ ಸ್ವಭಾವದ ಲೆಕ್ಕಕ್ಕೆ ಸೇರದು ಎಂದು ಬೇರೆ ವಿದ್ವಾಂಸರು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದದ್ದೇ. ಈ ವಿದ್ಯೆ ಮಂತ್ರದಂಡವಲ್ಲ. ಆದರೂ ಇದನ್ನು ಹಗುರವಾಗಿ ಕಾಣುವಂತಿಲ್ಲ.

ಏಕೆ ಎಂದು ಹೇಳುತ್ತೇನೆ. 2016ರಲ್ಲಿ, ಚುನಾವಣಾ ಪ್ರಚಾರಕ್ಕೆ ಜನರ ಮಾಹಿತಿ ಬಳಸುತ್ತಿದ್ದ ಕೇಂಬ್ರಿಡ್ಜ್ ಅನಲಿಟಿಕಾ ಸಂಸ್ಥೆಯ ಅಲೆಕ್ಸಾಂಡರ್ ನಿಕ್ಸ್ ನ್ಯೂಯಾರ್ಕ್‌ನ ವೇದಿಕೆಯೊಂದರಲ್ಲಿ ಎರಡು ಚಿತ್ರ ತೋರಿಸಿದರು. ವಿಷಯ, ಬಂದೂಕು ಇಟ್ಟುಕೊಳ್ಳುವ ಹಕ್ಕು. ಆತಂಕದ ಸ್ವಭಾವದವರಿಗೆ, ಕಿಟಕಿಯ ಗಾಜು ಒಡೆದು ಒಳಬರುವ ಕಳ್ಳನ ಕೈ. ಸಂಪ್ರದಾಯ, ಸಂಸಾರ ಎನ್ನುವವರಿಗೆ, ಸೂರ್ಯ ಮುಳುಗುವ ಹೊತ್ತಿನಲ್ಲಿ ಬೇಟೆಗೆ ಹೊರಟ ಅಪ್ಪ ಮಗ. ಕಳ್ಳನ ಕೈ ಕಂಡವರಿಗೆ ಅಪ್ಪ ಮಗ ಕಾಣುವುದಿಲ್ಲ. ಅತ್ತಿಗೆ ನಾದಿನಿ ಬೇರೆ ಬೇರೆ ಕೋಣೆ ಸೇರಿದರು, ಬಾಗಿಲು ಮುಚ್ಚಿತು.

ಆ ಸಂಸ್ಥೆಯ ಕಥೆ ಜಗತ್ತಿಗೇ ಗೊತ್ತು. ಅದಕ್ಕೆ ಮಾಹಿತಿ ಒದಗಿಸಿದ, ರಸಪ್ರಶ್ನೆಯಂಥ ಒಂದು ಆ್ಯಪ್ ಅನ್ನು ಸುಮಾರು 2,70,000 ಜನ ಬಳಸಿದರು. ಅವರ ಸ್ನೇಹಿತರೂ ಸೇರಿ 8.7 ಕೋಟಿ ಜನರವರೆಗೆ ಮಾಹಿತಿ ಸೋರಿರಬಹುದೆಂದು ಫೇಸ್‌ಬುಕ್ 2018ರಲ್ಲಿ ಒಪ್ಪಿಕೊಂಡಿತು. ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು 335 ಮಂದಿ. ತೊಂದರೆಗೆ ಸಿಲುಕಿರಬಹುದಾದವರು 5,62,455. ಅದರಿಂದ ಎಷ್ಟು ಮತ ಬದಲಾಯಿತೆಂಬುದಕ್ಕೆ ಗಟ್ಟಿ ಸಾಕ್ಷ್ಯವಿಲ್ಲ. ಆದರೆ ಕೇಳದೆ ಅಳತೆ ತೆಗೆದದ್ದೇ ತಪ್ಪು. ಆತಂಕವನ್ನು ಹುಡುಕಿ ಹಿಡಿದು, ಅದರ ಮೇಲೇ ಬೆರಳಿಟ್ಟು ಒತ್ತುವುದು ಅದಕ್ಕಿಂತ ದೊಡ್ಡ ತಪ್ಪು.

ನಮ್ಮಲ್ಲಿ ಇದಕ್ಕೆ ತಡೆ ಇಲ್ಲವೇ? ಇದೆ, ಮತ್ತು ಅದರ ಬೇರು ಕರ್ನಾಟಕದಲ್ಲೂ ಇದೆ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರಿಂದಲೇ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಒಂದು ಹೆಜ್ಜೆ ಮುಂದೆ ಹೋಗಿ, 18 ವರ್ಷದೊಳಗಿನ ಮಕ್ಕಳ ನಡೆನುಡಿಯ ಬೆನ್ನುಹತ್ತಿ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಬಾರದು ಎನ್ನುತ್ತದೆ. ಮಕ್ಕಳ ವಿಷಯದಲ್ಲಿ ತಪ್ಪಾದದ್ದು, ರಾತ್ರಿ ನಿದ್ದೆ ಬಾರದೆ ಮೊಬೈಲ್ ನೋಡುವ ಎಪ್ಪತ್ತರ ಅಜ್ಜಿಯ ವಿಷಯದಲ್ಲಿ ಸರಿಯಾಗುವುದು ಹೇಗೆ? ಕಾನೂನು ಇದಕ್ಕೆ ಉತ್ತರ ಕೊಡಬೇಕು.

ಜಾಹೀರಾತು ಮಾಡುವ ಯುವಕ ಯುವತಿಯರು ಈ ಸಭೆಯಲ್ಲಿದ್ದೀರಿ. ನಿಮಗೆ ನನ್ನ ಕೋರಿಕೆ ಒಂದೇ. ಕೇಳುವವರ ಮನಸ್ಸು ಅರಿತು ಬರೆಯಿರಿ, ಅದು ಕಲೆ. ಆದರೆ "ನೀವು ಹೆದರುವ ಸ್ವಭಾವದವರು, ಅದಕ್ಕೇ ಇದನ್ನು ತೋರಿಸಿದೆ" ಎಂದು ಎದುರಿಗೆ ನಿಂತು ಹೇಳಲಾಗದ ಜಾಹೀರಾತನ್ನು ಮಾಡಬೇಡಿ.

ಉಳಿದವರಿಗೆ ಇನ್ನೊಂದು ಕೋರಿಕೆ. ಇಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಒಟ್ಟಿಗೆ ಕುಳಿತು, ನಿಮ್ಮ ನಿಮ್ಮ ಮೊಬೈಲ್‌ನಲ್ಲಿ ಬಂದ ಜಾಹೀರಾತುಗಳನ್ನು ಒಬ್ಬರಿಗೊಬ್ಬರು ತೋರಿಸಿ. ನಿಮಗೆ ಹೇಳಿದ್ದೇನು, ಪಕ್ಕದವರಿಗೆ ಹೇಳಿದ್ದೇನು, ಹೋಲಿಸಿ ನೋಡಿ. ಮುಚ್ಚಿದ ಆ ಬಾಗಿಲನ್ನು ನಾವು ಮನೆಯಿಂದಲೇ ತೆರೆಯೋಣ.