ಕಿರು ಉದ್ಯಮದ ಪರವಾನಗಿ : ಯಂತ್ರಕ್ಕಿಂತ ಅರ್ಜಿ ಮೊದಲು
(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ರಾಗಿಯನ್ನು ಹಿಟ್ಟು ಮಾಡಿ, ಶೇಂಗಾವನ್ನು ಗಾಣಕ್ಕೆ ಹಾಕಿ ಮಾರಿದರೆ ನಾಲ್ಕು ಕಾಸು ಹೆಚ್ಚು ಉಳಿಯಬಹುದೆಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಯಂತ್ರ ಕೊಳ್ಳುವ ಮೊದಲೇ ಪರವಾನಗಿಯ ಬಗ್ಗೆ ಯೋಚಿಸುವವರು ಕಡಿಮೆ.

ಒಬ್ಬ ರೈತ ಬ್ಯಾಂಕಿನ ಸಾಲದಿಂದ ಹಿಟ್ಟಿನ ಗಿರಣಿ ತಂದನೆಂದು ಇಟ್ಟುಕೊಳ್ಳಿ. ಆನ್‌ಲೈನ್ ಅರ್ಜಿಯನ್ನು ಪೇಟೆಯ ಕಂಪ್ಯೂಟರ್ ಅಂಗಡಿಯಲ್ಲಿ ಹಾಕಿಸಿದ. ಅಂಗಡಿಯವನು ತನ್ನದೇ ಮೊಬೈಲ್ ಸಂಖ್ಯೆ ಬರೆದ. ‘ಜಾಗದ ದಾಖಲೆ ಸ್ಪಷ್ಟವಾಗಿಲ್ಲ, ಮತ್ತೆ ಸಲ್ಲಿಸಿ’ ಎಂಬ ಸಂದೇಶ ಅಂಗಡಿಯವನಿಗೆ ಹೋಯಿತು; ರೈತನಿಗೆ ತಿಳಿಯಲೇ ಇಲ್ಲ. ಎರಡು ತಿಂಗಳು ಗಿರಣಿ ಕೊಟ್ಟಿಗೆಯಲ್ಲಿ ನಿಂತಿತು, ಬಡ್ಡಿ ಮಾತ್ರ ನಿಲ್ಲಲಿಲ್ಲ.

ಯಾವ ಕಾಗದ ಯಾವುದಕ್ಕೆ?

1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ, ವಿದ್ಯುತ್ ಯಂತ್ರದಿಂದ ನಡೆಯುವ ಗಿರಣಿ, ಕಾರ್ಖಾನೆಗಳನ್ನು ಹಳ್ಳಿಯಲ್ಲಿ ಸ್ಥಾಪಿಸಲು ಗ್ರಾಮ ಪಂಚಾಯಿತಿಯ ಅನುಮತಿ ಅವಶ್ಯಕ. ನೆರೆಹೊರೆಯವರ ಆರೋಗ್ಯ, ನೆಮ್ಮದಿಗೆ ಧಕ್ಕೆಯಾಗಬಾರದೆಂಬುದೇ ಇದರ ಉದ್ದೇಶ. 2020ರ ಜುಲೈ 1ರಂದು ಆರಂಭವಾದ ‘ಉದ್ಯಮ್’ ನೋಂದಣಿ ಬೇರೆ. ಅದು ಉಚಿತ, ಆದರೆ ಪಂಚಾಯಿತಿಯ ಪರವಾನಗಿಗೆ ಬದಲಿಯಲ್ಲ. ತಿನ್ನುವ ಪದಾರ್ಥ ಮಾರುವವರಿಗೆ 2006ರ ಆಹಾರ ಸುರಕ್ಷತೆ ಕಾಯಿದೆಯ ನೋಂದಣಿಯೂ ಪ್ರತ್ಯೇಕವಾಗಿ ಬೇಕು.

ಅರ್ಜಿದಾರರು ಗಮನಿಸಬೇಕಾದ ಅಂಶಗಳು

1. ಗಿರಣಿ ಹೊಲದಲ್ಲಿ ಕಟ್ಟುವುದಾದರೆ ಭೂಪರಿವರ್ತನೆ ಬೇಕೇ ಎಂಬುದನ್ನು ತಹಶೀಲ್ದಾರರ ಕಚೇರಿಯಲ್ಲಿ ಮೊದಲೇ ವಿಚಾರಿಸಬೇಕು.

2. ಜಾಗದ ದಾಖಲೆ, ಆಧಾರ್, ಅರ್ಜಿ ಇವುಗಳಲ್ಲಿ ಹೆಸರು ಒಂದೇ ರೀತಿ ಇರಬೇಕು.

3. ಅರ್ಜಿಯಲ್ಲಿ ಅರ್ಜಿದಾರರ ಸ್ವಂತ ಮೊಬೈಲ್ ಸಂಖ್ಯೆಯನ್ನೇ ಬರೆಸಬೇಕು. ಮೊಬೈಲಿಗೆ ಬರುವ ಗುಪ್ತಸಂಖ್ಯೆಯನ್ನು ಕೇಳಿದವರಿಗೆಲ್ಲ ಹೇಳಬಾರದು.

4. ಸ್ವೀಕೃತಿ ಪತ್ರವನ್ನೂ ಶುಲ್ಕದ ರಸೀದಿಯನ್ನೂ ಪಡೆಯದೆ ಎದ್ದು ಬರಬಾರದು.

5. ಪರವಾನಗಿ ನವೀಕರಿಸಬೇಕಾದ ದಿನಾಂಕವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡುವುದು ಒಳ್ಳೆಯದು.

ತಡವಾದರೆ ಏನು ಮಾಡಬೇಕು?

2011ರ ‘ಸಕಾಲ’ ಕಾಯಿದೆಯು ತನ್ನ ವ್ಯಾಪ್ತಿಯ ಸೇವೆಗಳಿಗೆ ಗಡುವು ವಿಧಿಸಿದೆ. ಗಡುವು ಮೀರಿದರೆ ಸಕ್ಷಮ ಅಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಹಕ್ಕೂ ಇದೆ. ಆದರೆ ಒಂದು ಮಾತು ನೆನಪಿರಲಿ : ಎಲ್ಲ ದಾಖಲೆಗಳೊಡನೆ ಪೂರ್ಣ ಅರ್ಜಿ ಸಲ್ಲಿಸಿದ ದಿನದಿಂದಷ್ಟೇ ಈ ಗಡುವಿನ ಎಣಿಕೆ. ಆ ರೈತನ ಎರಡು ತಿಂಗಳು ಲೆಕ್ಕಕ್ಕೆ ಬಾರದೆ ಹೋದದ್ದು ಇದರಿಂದಲೇ.

ವಿಸ್ತರಣಾ ಕಾರ್ಯಕರ್ತರು ಯಂತ್ರದ ಸಹಾಯಧನದ ಬಗ್ಗೆ ಹೇಳುವಾಗಲೇ ಪರವಾನಗಿಯ ವಿಷಯವನ್ನೂ ತಿಳಿಸುವುದು ಸೂಕ್ತ. ಅರ್ಜಿಯನ್ನು ಒಮ್ಮೆ ರೈತನಿಗೆ ಓದಿ ಹೇಳಿದರೆ ಹತ್ತು ಬಾರಿ ಪೇಟೆಗೆ ಅಲೆಯುವುದು ತಪ್ಪುತ್ತದೆ.

ಹದ ನೋಡದೆ ಯಾರೂ ಬಿತ್ತುವುದಿಲ್ಲ. ಹಾಗೆಯೇ ಪರವಾನಗಿ ಕೈಗೆ ಬರುವ ಮೊದಲು ಯಂತ್ರಕ್ಕೆ ಮುಂಗಡ ಕೊಡದಿರುವುದೇ ಜಾಣತನ.