ನೋಡಿದ ಚಿತ್ರಗಳ ಲೆಕ್ಕದ ಪುಸ್ತಕ

ಕಳೆದ ಒಂದು ವರ್ಷದಲ್ಲಿ ನೀವು ಎಷ್ಟು ಚಲನಚಿತ್ರಗಳನ್ನು ನೋಡಿದಿರಿ ಎಂದು ಯಾರಾದರೂ ಕೇಳಿದರೆ ಏನು ಹೇಳುವಿರಿ? “ಹತ್ತೋ ಹದಿನೈದೋ ಇರಬಹುದು” ಎನ್ನುವಿರಿ. ಇನ್ನೂ ಒತ್ತಿ ಕೇಳಿದರೆ ಬೆರಳು ಮಡಿಸತೊಡಗುವಿರಿ. ಐದಾರು ಹೆಸರುಗಳು ಸಲೀಸಾಗಿ ಬರುತ್ತವೆ. ಏಳನೆಯದಕ್ಕೆ ಬೆರಳು ತಡೆಯುತ್ತದೆ. “ಅದೇ, ಮಳೆಯಲ್ಲಿ ಹೊಡೆದಾಟ ಇದೆಯಲ್ಲ, ಅದರ ಹೆಸರೇನು?” ಎಂದು ಮನೆಯವರನ್ನು ಕೇಳುವಿರಿ. “ಅದು ಕಳೆದ ವರ್ಷದ್ದಲ್ಲ, ಅದರ ಹಿಂದಿನ ವರ್ಷದ್ದು” ಎಂಬ ಉತ್ತರ ಬರುತ್ತದೆ. ಅಲ್ಲಿಗೆ ಲೆಕ್ಕ ನಿಂತುಹೋಗುತ್ತದೆ.

ಇದರಲ್ಲಿ ನಾಚಿಕೆಪಡುವಂಥದೇನೂ ಇಲ್ಲ. ಆದರೂ ಯೋಚಿಸಿ ನೋಡಿ. ಹಾಲಿನ ಲೆಕ್ಕವನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತೇವೆ. ಇಸ್ತ್ರಿಗೆ ಕೊಟ್ಟ ಬಟ್ಟೆಯನ್ನು ಎಣಿಸಿ ಕೊಟ್ಟು ಎಣಿಸಿ ತೆಗೆದುಕೊಳ್ಳುತ್ತೇವೆ. ಸಿನಿಮಾಕ್ಕೆ ಒಂದೊಂದು ಸಲಕ್ಕೂ ಎರಡೂವರೆ ಗಂಟೆಯ ಹೊತ್ತನ್ನು ಎಣಿಸಿ ಕೊಡುವ ನಾವು, ಅದಕ್ಕೆ ಪ್ರತಿಯಾಗಿ ಏನು ಪಡೆದೆವೆಂದು ಎಂದೂ ಬರೆದಿಡುವುದಿಲ್ಲ. ಈ ಯೋಚನೆ ಬಂದು ನಾನು ಒಂದು ಜನವರಿ 1ರಂದು ನೂರು ಹಾಳೆಯ ನೋಟ್ ಪುಸ್ತಕವನ್ನು ತಂದೆ. ನೋಡಿದ ಪ್ರತಿಯೊಂದು ಚಿತ್ರವನ್ನೂ ಅದರಲ್ಲಿ ಬರೆಯತೊಡಗಿ, ಡಿಸೆಂಬರ್ 31ರವರೆಗೆ ಬಿಡದೆ ನಡೆಸಿದೆ. ಆ ಪುಸ್ತಕ ನನಗೆ ಕಲಿಸಿದ್ದನ್ನು ನಿಮ್ಮ ಮುಂದಿಡುವುದೇ ಈ ಮಾತುಗಳ ಉದ್ದೇಶ.

ಮೊದಲು ಪುಸ್ತಕದ ಏರ್ಪಾಡನ್ನು ಹೇಳುತ್ತೇನೆ. ಹಾಳೆಗೆ ಗೆರೆ ಎಳೆದು ಐದು ಅಂಕಣ ಮಾಡಿದೆ. ಒಂದು, ತಾರೀಖು. ಎರಡು, ಚಿತ್ರದ ಹೆಸರು, ಭಾಷೆ, ತೆರೆಕಂಡ ವರ್ಷ. ಮೂರು, ನೋಡಿದ ಸ್ಥಳ. ನಾಲ್ಕು, ಯಾರೊಡನೆ ನೋಡಿದೆ ಎಂಬುದು. ಐದು, ನನ್ನ ಅಭಿಪ್ರಾಯ, ಅದೂ ಒಂದೇ ಸಾಲು. ನಾಲ್ಕನೆಯ ಅಂಕಣವನ್ನು ನಾನು ಮುಖ್ಯವೆಂದು ಹಾಕಿದ್ದಲ್ಲ. ಹಾಳೆಯಲ್ಲಿ ಜಾಗ ಉಳಿಯಿತೆಂದು ಹಾಕಿದ್ದು. ಅದರ ವಿಷಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಬರೆಯಲು ಕುಳಿತ ಮೊದಲನೆಯ ವಾರವೇ ಒಂದು ತೊಡಕು ಎದುರಾಯಿತು. ‘ನೋಡಿದೆ’ ಎಂದರೆ ಏನು? ಚಿತ್ರಮಂದಿರವೊಂದೇ ಇದ್ದ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಟಿಕೀಟು ಕೊಂಡಿರಿ, ಕತ್ತಲೆಯಲ್ಲಿ ಕುಳಿತಿರಿ, ಪರದೆಯ ಮೇಲೆ ‘ಶುಭಂ’ ಎಂದು ಬಂದಾಗ ಎದ್ದು ಬಂದಿರಿ, ನೋಡಿದಿರಿ. ಈಗ ಹಾಗಲ್ಲ. ಊಟ ಮಾಡುತ್ತ ದೂರದರ್ಶನದಲ್ಲಿ ಕಾಲುಭಾಗ ನೋಡುತ್ತೇವೆ. ಬಸ್ಸಿನಲ್ಲಿ ಕೈಯೊಳಗಿನ ಫೋನಿನಲ್ಲಿ ಇನ್ನು ಕಾಲುಭಾಗ. ಮಿಕ್ಕದ್ದನ್ನು ಹಾಸಿಗೆಯ ಮೇಲೆ ನೋಡುತ್ತ ನಿದ್ದೆ ಹೋಗುತ್ತೇವೆ. ಇದು ನೋಡಿದಂತೆಯೇ? ಬಹಳ ಯೋಚಿಸಿ ಒಂದು ನಿಯಮ ಮಾಡಿದೆ. ಆರಂಭದಿಂದ ಕೊನೆಯವರೆಗೆ ಎಚ್ಚರವಾಗಿದ್ದು ನೋಡಿದ ಚಿತ್ರಕ್ಕೆ ಮಾತ್ರ ಕ್ರಮಸಂಖ್ಯೆ. ಉಳಿದದ್ದಕ್ಕೆ ಸಂಖ್ಯೆಯಿಲ್ಲ, ಮುಂದೆ ‘ಅರ್ಧ’ ಎಂದು ಬರೆಯುವುದು. ಈ ನಿಯಮದಿಂದ ನನ್ನ ಹೆಮ್ಮೆಗೆ ಸ್ವಲ್ಪ ನಷ್ಟವಾಯಿತು, ಲೆಕ್ಕಕ್ಕೆ ಲಾಭವಾಯಿತು.

ಎರಡನೆಯ ತೊಡಕು ಅಭಿಪ್ರಾಯದ್ದು. ಮೊದಮೊದಲು ಪರೀಕ್ಷಕನಂತೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದೆ. ಫೆಬ್ರವರಿಯಲ್ಲಿ ಹಿಂದಿನ ಹಾಳೆಗಳನ್ನು ತಿರುವಿದಾಗ ಎಲ್ಲ ಚಿತ್ರಗಳೂ 55ರಿಂದ 65ರೊಳಗೆ ತೇರ್ಗಡೆಯಾಗಿದ್ದವು! ಅಂಕ ಬಿಟ್ಟು ಮಾತಿಗೆ ಬಂದೆ. ಅಲ್ಲಿಯೂ ‘ಚೆನ್ನಾಗಿದೆ’ ಎಂದು ನಾಲ್ಕು ಕಡೆ ಬರೆದಿದ್ದೆ. ಒಂದು ತಿಂಗಳ ಮೇಲೆ ಆ ನಾಲ್ಕರಲ್ಲಿ ಯಾವುದು ಯಾವುದೆಂದು ನನಗೇ ತಿಳಿಯದಾಯಿತು. ಆಮೇಲೆ ಹೊಳೆದ ಉಪಾಯ ಇದು: ತೀರ್ಪನ್ನು ಬರೆಯುವುದಲ್ಲ, ಕಂಡದ್ದನ್ನು ಬರೆಯುವುದು. ‘ಬಾವಿಯ ರಾಟೆಯ ಸದ್ದು ನಿಂತಾಗಲೇ ಮುದುಕಿ ಹೋದಳೆಂದು ತಿಳಿಯಿತು’ ಎಂದು ಒಂದು ಚಿತ್ರದ ಮುಂದೆ ಬರೆದಿದ್ದೇನೆ. ಆ ಒಂದು ಸಾಲನ್ನು ಓದಿದರೆ ಇಡೀ ಚಿತ್ರ ಕಣ್ಣ ಮುಂದೆ ಬರುತ್ತದೆ. ‘ಚೆನ್ನಾಗಿದೆ’ ಎಂಬುದು ಬೀಗವಿಲ್ಲದ ಬೀಗದ ಕೈ ಇದ್ದಂತೆ. ಅದರಿಂದ ಯಾವ ಬಾಗಿಲೂ ತೆರೆಯುವುದಿಲ್ಲ.

ಮೂರನೆಯ ನಿಯಮವನ್ನು ನನ್ನ ತಪ್ಪೇ ಕಲಿಸಿತು. ಒಂದು ರಾತ್ರಿ ಚಿತ್ರ ನೋಡಿ ಬಂದು, ‘ಬಲು ಬೇಸರ, ಮೂರು ಸಲ ಗಡಿಯಾರ ನೋಡಿದೆ’ ಎಂದು ಬರೆದೆ. ಮಾರನೆಯ ದಿನ ಪತ್ರಿಕೆಯಲ್ಲಿ ಆ ಚಿತ್ರವನ್ನು ಹೊಗಳಿ ಬರೆದಿದ್ದರು. ತಿಳಿದವರೆನಿಸಿಕೊಂಡ ಗೆಳೆಯರೂ ಹೊಗಳಿದರು. ಸಂಜೆ ಮನೆಗೆ ಬಂದವನೇ ಹಿಂದಿನ ಸಾಲನ್ನು ಹೊಡೆದುಹಾಕಿ, ‘ಗಂಭೀರ ಪ್ರಯತ್ನ’ ಎಂದು ತಿದ್ದಿದೆ. ನಾನೊಬ್ಬನೇ ಓದುವ ಪುಸ್ತಕದಲ್ಲಿ ನಾನು ಯಾರಿಗೆ ಹೆದರಿ ಸುಳ್ಳು ಬರೆದೆ? ಆ ಹೊಡೆದುಹಾಕಿದ ಗೆರೆ ಇಂದಿಗೂ ನನ್ನನ್ನು ನೋಡಿ ನಗುತ್ತದೆ. ಅಂದಿನಿಂದ ನೋಡಿದ ರಾತ್ರಿಯೇ ಬರೆಯುವುದು, ಬರೆದದ್ದನ್ನು ತಿದ್ದದಿರುವುದು ಎಂದು ಗೊತ್ತುಮಾಡಿಕೊಂಡೆ. ಅಭಿಪ್ರಾಯ ಬದಲಾದರೆ ಹೊಸ ತಾರೀಖು ಹಾಕಿ ಕೆಳಗೆ ಬರೆಯಬಹುದು, ಮೊದಲಿನದೂ ಇರಲಿ.

ಈ ಹವ್ಯಾಸಕ್ಕೆ ದೊಡ್ಡ ಹಿರಿಯನೊಬ್ಬನಿದ್ದಾನೆ. ಇಂಗ್ಲೆಂಡಿನ ನೌಕಾಪಡೆಯ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಸಂಕೇತಲಿಪಿಯಲ್ಲಿ ದಿನಚರಿ ಬರೆದ. ಆಗ ಸಿನಿಮಾ ಎಲ್ಲಿ ಬಂತು? ಅವನ ಹುಚ್ಚು ನಾಟಕದ್ದು. ಯಾವ ದಿನ ಯಾವ ನಾಟಕ, ಹೇಗಿತ್ತು ಎಂದು ಸಂಕೋಚವಿಲ್ಲದೆ ಬರೆದಿಟ್ಟ. 1662ರಲ್ಲಿ ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ನೋಡಿ, ಇಂಥ ಸಪ್ಪೆ ನಾಟಕವನ್ನು ಜನ್ಮದಲ್ಲಿ ನೋಡಿಲ್ಲ, ಇನ್ನು ನೋಡುವುದೂ ಇಲ್ಲ ಎಂಬ ಅರ್ಥ ಬರುವಂತೆ ಬರೆದ. ಇನ್ನೊಂದು ದಿನ ಒಂದೂವರೆ ಶಿಲಿಂಗಿನ ಜಾಗದಲ್ಲಿ ಕುಳಿತಿದ್ದಾಗ, ತನ್ನ ಕಚೇರಿಯ ನಾಲ್ವರು ಗುಮಾಸ್ತರು ಎರಡೂವರೆ ಶಿಲಿಂಗಿನ ಜಾಗದಲ್ಲಿ ಕುಳಿತು ತನ್ನನ್ನು ನೋಡಿಬಿಟ್ಟರಲ್ಲ ಎಂದು ಮುಜುಗರಪಟ್ಟದ್ದನ್ನೂ ಬರೆದ. ನಾಟಕದ ಹುಚ್ಚು ಮಿತಿಮೀರಿದಾಗ, ಇಷ್ಟು ದಿನ ನೋಡುವುದಿಲ್ಲವೆಂದು ತನಗೆ ತಾನೇ ಆಣೆ ಹಾಕಿಕೊಂಡು, ತಪ್ಪಿದರೆ ಬಡವರ ಪೆಟ್ಟಿಗೆಗೆ ದಂಡ ಎಂದು ವಿಧಿಸಿಕೊಂಡ! ಷೇಕ್ಸ್‌ಪಿಯರನ ವಿಷಯದಲ್ಲಿ ಲೋಕ ಅವನ ಮಾತನ್ನು ಒಪ್ಪಲಿಲ್ಲ. ಆದರೆ ಆ ಕಾಲದ ಲಂಡನ್ನಿನ ರಂಗಮಂದಿರದಲ್ಲಿ ಕುಳಿತ ಒಬ್ಬ ಮನುಷ್ಯನಿಗೆ ಏನನ್ನಿಸಿತು ಎಂಬುದನ್ನು ತಿಳಿಯಲು ವಿದ್ವಾಂಸರೂ ಅವನ ಪುಸ್ತಕಕ್ಕೇ ಹೋಗುತ್ತಾರೆ.

ನಮ್ಮ ಒಂದು ಸಾಲಿನಿಂದ ಯಾರಿಗೇನು ಎಂದು ನಿಮಗೆ ಅನ್ನಿಸಬಹುದು. ನಮ್ಮ ಮೊದಲ ಕನ್ನಡ ಮಾತಿನ ಚಿತ್ರವನ್ನೇ ತೆಗೆದುಕೊಳ್ಳಿ. ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡದ್ದು 1934ರ ಮಾರ್ಚ್ 3ರಂದು. ನಿರ್ದೇಶಕರು ವೈ. ವಿ. ರಾವ್. ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಸುಬ್ಬಯ್ಯ ನಾಯ್ಡು ಇಂದ್ರಜಿತುವಾಗಿ, ಆರ್. ನಾಗೇಂದ್ರರಾಯರು ರಾವಣನಾಗಿ, ತ್ರಿಪುರಾಂಬ ಸುಲೋಚನೆಯಾಗಿ ಅಭಿನಯಿಸಿದರು. ಇಷ್ಟೆಲ್ಲ ಗೊತ್ತಿದೆ. ಚಿತ್ರ ಮಾತ್ರ ಇಲ್ಲ. ಅದರ ಪ್ರತಿ ಉಳಿದು ಬಂದಿಲ್ಲ. 1931ರ ‘ಆಲಂ ಆರಾ’, ಭಾರತದ ಮೊದಲ ಮಾತಿನ ಚಿತ್ರ, ಅದರ ಗತಿಯೂ ಇದೇ.

ಹೀಗಾಗಲು ಕಾರಣಗಳಿವೆ. ಆ ಕಾಲದ ಫಿಲ್ಮು ನೈಟ್ರೇಟಿನದು. ಬೆಂಕಿ ತಗುಲಿದರೆ ಕ್ಷಣದಲ್ಲಿ ಉರಿದುಹೋಗುವಂಥದು, ಸೆಕೆಯಲ್ಲಿ ಇಟ್ಟರೆ ತಾನಾಗಿಯೇ ಕೊಳೆತು ಪುಡಿಯಾಗುವಂಥದು. ಅದರ ಲೇಪದಲ್ಲಿ ಬೆಳ್ಳಿಯ ಅಂಶವಿತ್ತು. ಓಡಿ ಮುಗಿದ ಚಿತ್ರಗಳಿಂದ ಬೆಳ್ಳಿಯನ್ನು ತೆಗೆದು ಮಾರುವವರಿದ್ದರು. ಊರೂರು ತಿರುಗಿ ಸವೆದ ರೀಲನ್ನು ಯಾರೂ ಸೊತ್ತೆಂದು ಭಾವಿಸಲಿಲ್ಲ. ಚಿತ್ರಗಳನ್ನು ಕಾಪಾಡಲೆಂದು ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಏರ್ಪಟ್ಟದ್ದು 1964ರಲ್ಲಿ, ಎಂದರೆ ‘ಸತಿ ಸುಲೋಚನ’ ಬಂದು 30 ವರ್ಷದ ಮೇಲೆ. ಅಷ್ಟರಲ್ಲಿ ಹೋಗಬೇಕಾದ್ದು ಬಹುಪಾಲು ಹೋಗಿತ್ತು.

ಆ ಮೊದಲ ವಾರ ನೆಲದ ಮೇಲೆ ಕುಳಿತು, ಪರದೆಯ ಮೇಲಿನ ರಾವಣ ಕನ್ನಡದಲ್ಲಿ ಗರ್ಜಿಸಿದ್ದನ್ನು ಕೇಳಿದವರು ಎಷ್ಟೋ ಜನ. ಅವರಲ್ಲಿ ಹಾಲಿನ ಲೆಕ್ಕ ಬರೆದವರಿದ್ದರು, ವಕೀಲರಿದ್ದರು, ಶಾಲೆಯ ಮೇಷ್ಟರುಗಳಿದ್ದರು. ಯಾರಾದರೂ ಒಬ್ಬರು ಆ ರಾತ್ರಿ, ‘ಇಂಥ ಕಡೆ ಜನ ನಕ್ಕರು, ಇಂಥ ಕಡೆ ಪಕ್ಕದವರು ಅತ್ತರು’ ಎಂದು ಒಂದು ಸಾಲು ಗೀಚಿಟ್ಟು, ಅದು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಉಳಿದಿದ್ದರೆ, ಇಂದು ಅದಕ್ಕೆ ಬೆಲೆ ಕಟ್ಟಲಾಗುತ್ತಿರಲಿಲ್ಲ. 1934ರಲ್ಲಿ ಬಂದ ಕನ್ನಡ ಮಾತಿನ ಚಿತ್ರಗಳು ಎರಡೇ, ‘ಸತಿ ಸುಲೋಚನ’ ಮತ್ತು ‘ಭಕ್ತ ಧ್ರುವ’. ಇಂದು ಒಂದು ವಾರದಲ್ಲೇ ಅದಕ್ಕಿಂತ ಹೆಚ್ಚು ಬರುವುದುಂಟು. ಈ ರಾಶಿಯಲ್ಲಿ ಯಾವುದು ಉಳಿಯುವುದು, ಯಾವುದು ಅಳಿಯುವುದು ಎಂದು ಯಾರು ಬಲ್ಲರು?

ಇನ್ನು ನನ್ನ ವರ್ಷದ ಲೆಕ್ಕಕ್ಕೆ ಬರುತ್ತೇನೆ. ಡಿಸೆಂಬರ್ 31ರ ಸಂಜೆ ಪುಸ್ತಕವನ್ನು ಮುಚ್ಚಿಟ್ಟು, ಬೇರೆ ಹಾಳೆಯ ಮೇಲೆ ವರ್ಷದಲ್ಲಿ ನೋಡಿದ ಚಿತ್ರಗಳ ಹೆಸರನ್ನು ನೆನಪಿನಿಂದ ಬರೆದೆ. 27 ಹೆಸರುಗಳು ಬಂದವು. ಪುಸ್ತಕ ತೆಗೆದು ನೋಡಿದರೆ ಕ್ರಮಸಂಖ್ಯೆ 61ಕ್ಕೆ ನಿಂತಿತ್ತು. ‘ಅರ್ಧ’ಗಳು ಬೇರೆ 26. ಮರೆತ 34 ಚಿತ್ರಗಳ ಸಾಲುಗಳನ್ನು ಓದಿದೆ. ಕೆಲವು ಮರೆಯಬೇಕಾದವೇ. ಆದರೆ ಐದಾರು ಬಹಳ ಒಳ್ಳೆಯವು. ಅಂದು ರಾತ್ರಿ ನನ್ನನ್ನು ನಿದ್ದೆಗೆಡಿಸಿದ್ದುವು. ಅವೂ ಹೋಗಿಬಿಟ್ಟಿದ್ದುವಲ್ಲ! ಭಾಷೆಯ ಲೆಕ್ಕ ನೋಡಿದೆ. ಕನ್ನಡ ಚಿತ್ರಗಳು ಬರುವುದು ಕಡಿಮೆಯಾಗಿದೆ, ನೋಡುವವರಿಲ್ಲ ಎಂದು ವರ್ಷವೆಲ್ಲ ಭಾಷಣ ಮಾಡಿದವನು ನಾನು. ನನ್ನ 61ರಲ್ಲಿ ಕನ್ನಡದವು 14. ಚಿತ್ರಮಂದಿರಕ್ಕೆ ಹೋಗಿ ನೋಡಿದವು 9 ಮಾತ್ರ. ಅಂದಿನಿಂದ ಭಾಷಣ ಸ್ವಲ್ಪ ಕಡಿಮೆಯಾಗಿದೆ.

ಆದರೆ ಇದಕ್ಕಿಂತ ನನ್ನನ್ನು ತಟ್ಟಿದ್ದು, ಜಾಗ ಉಳಿಯಿತೆಂದು ಹಾಕಿದ ಆ ನಾಲ್ಕನೆಯ ಅಂಕಣ. ನವೆಂಬರಿನಲ್ಲಿ ಒಂದು ದಿನ ಅದನ್ನು ಮೇಲಿನಿಂದ ಕೆಳಕ್ಕೆ ಓದಿಕೊಂಡು ಹೋದೆ. ಒಬ್ಬನೇ, ಒಬ್ಬನೇ, ಒಬ್ಬನೇ. ನಡುವೆ ಅಲ್ಲೊಂದು ಇಲ್ಲೊಂದು ಗೆಳೆಯರ ಹೆಸರು, ಮಕ್ಕಳ ಹೆಸರು. ನಮ್ಮ ತಾಯಿಯ ಹೆಸರು ಇದ್ದದ್ದು ಒಂದೇ ಕಡೆ, ಸಂಕ್ರಾಂತಿಯ ದಿನ. ಅವರು ಇರುವುದು ಪಕ್ಕದ ಕೋಣೆಯಲ್ಲಿ.

ಆ ರಾತ್ರಿ ಹೋಗಿ, “ಅಮ್ಮ, ನೀನು ಮೊಟ್ಟಮೊದಲು ನೋಡಿದ ಸಿನಿಮಾ ಯಾವುದು?” ಎಂದು ಕೇಳಿದೆ. ಎಪ್ಪತ್ತೆಂಟರ ಆಕೆ ಒಂದು ಕ್ಷಣವೂ ತಡೆಯಲಿಲ್ಲ. “ಬೇಡರ ಕಣ್ಣಪ್ಪ” ಎಂದಳು. ಆ ಚಿತ್ರ ಬಂದದ್ದು 1954ರಲ್ಲಿ, ಎಚ್. ಎಲ್. ಎನ್. ಸಿಂಹರ ನಿರ್ದೇಶನ, ರಾಜಕುಮಾರರು ನಾಯಕರಾದ ಮೊದಲ ಚಿತ್ರ. ನಮ್ಮ ತಾಯಿಯ ಊರಿನ ಹತ್ತಿರದ ಟೆಂಟಿಗೆ ಅದು ಬಂದದ್ದು ಒಂದೆರಡು ವರ್ಷ ತಡವಾಗಿ. ಕಥೆಯನ್ನು ಅಷ್ಟಾಗಿ ಹೇಳಲಿಲ್ಲ. ಯಾರು ಯಾರು ಹೋಗಿದ್ದರು ಎಂಬುದನ್ನು ಮಾತ್ರ ಒಬ್ಬರನ್ನೂ ಬಿಡದೆ ಹೇಳಿದಳು. ದೊಡ್ಡಮ್ಮ, ಪಕ್ಕದ ಮನೆಯ ಇಬ್ಬರು ಹುಡುಗಿಯರು, ಗಾಡಿ ಹೊಡೆದ ಮಾವ. ಮುಂದಿನವರ ತಲೆ ಅಡ್ಡವಾಗದಂತೆ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕುಳಿತದ್ದು, ರೀಲು ಬದಲಾಯಿಸುವಾಗ ದೀಪ ಹತ್ತಿಕೊಂಡರೆ ಕಡಲೆಕಾಯಿ ಬಿಡಿಸಿದ್ದು, ಬರುವಾಗ ಗಾಡಿಯಲ್ಲಿ ನಿದ್ದೆಹೋದದ್ದು. ಪುಸ್ತಕವಿಲ್ಲದೆ ಆಕೆ ಇಟ್ಟುಕೊಂಡ ಲೆಕ್ಕ ಇಷ್ಟು. ‘ಯಾರೊಡನೆ’ ಎಂಬುದೇ ಅದರ ಮೊದಲನೆಯ ಅಂಕಣ.

ಕೊನೆಗೆ ಹೇಳಿದಳು: “ಆದರೆ ಅವನು ಕಣ್ಣು ಕೀಳೋದನ್ನ ನಾನು ನೋಡಿಲ್ಲ ಕಣೋ. ಹೆದರಿಕೊಂಡು ದೊಡ್ಡಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಂಡುಬಿಟ್ಟೆ.”

ಡಿಸೆಂಬರಿನ ಒಂದು ಸಂಜೆ ಇಬ್ಬರೂ ಕುಳಿತು ‘ಬೇಡರ ಕಣ್ಣಪ್ಪ’ವನ್ನು ನೋಡಿದೆವು. ಆ ದೃಶ್ಯ ಬಂದಾಗ ನಾನು ಪರದೆಯನ್ನು ಬಿಟ್ಟು ಆಕೆಯನ್ನೇ ನೋಡುತ್ತಿದ್ದೆ. ಕನ್ನಡಕ ಸರಿಮಾಡಿಕೊಂಡು, ರೆಪ್ಪೆ ಮುಚ್ಚದೆ ನೋಡಿದಳು. ಚಿತ್ರ ಮುಗಿದ ಮೇಲೆ ನಾನು ಪುಸ್ತಕ ತೆಗೆದದ್ದನ್ನು ಕಂಡು, “ಏನು ಬರೀತೀಯೋ?” ಎಂದಳು. ನಿಯಮಗಳನ್ನೆಲ್ಲ ವಿವರಿಸಿದೆ. ಪೂರ್ತಿ ನೋಡಿದ್ದಕ್ಕೆ ಸಂಖ್ಯೆ, ನೋಡದ್ದಕ್ಕೆ ‘ಅರ್ಧ’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನನ್ನದು ಇಷ್ಟು ವರ್ಷ ಅರ್ಧವೇ ಇತ್ತು. ಇವತ್ತು ಸಂಖ್ಯೆ ಹಾಕು” ಎಂದಳು. ಹಾಕಿದೆ. ಆ ದಿನದ ಐದನೆಯ ಅಂಕಣದಲ್ಲಿ ಚಿತ್ರದ ವಿಷಯ ಒಂದಕ್ಷರವೂ ಇಲ್ಲ. ಆಕೆಯ ಈ ಮಾತೇ ಇದೆ.

ನೀವೂ ಇಂಥದೊಂದು ಪುಸ್ತಕವನ್ನು ಇಟ್ಟು ನೋಡಿ. ಅದಕ್ಕೆ ಜನವರಿ 1ರವರೆಗೆ ಕಾಯಬೇಕಾಗಿಲ್ಲ. ಇಂದು ನೋಡಿದ ಚಿತ್ರದಿಂದಲೇ ತೊಡಗಬಹುದು. ಹೆಚ್ಚು ಬರೆಯಬೇಡಿ, ಹೆಚ್ಚು ಬರೆಯಹೊರಟರೆ ಹದಿನೈದು ದಿನದಲ್ಲಿ ನಿಂತುಹೋಗುತ್ತದೆ. ಒಂದು ಸಾಲು ಸಾಕು. ನೋಡಿದ ರಾತ್ರಿಯೇ ಬರೆಯಿರಿ, ಬೆಳಗಿನ ಪತ್ರಿಕೆ ಬರುವುದಕ್ಕೆ ಮುಂಚೆ. ಯಾರೊಡನೆ ನೋಡಿದಿರೆಂದು ಬರೆಯುವುದನ್ನು ಮಾತ್ರ ಮರೆಯಬೇಡಿ. ಆ ಅಂಕಣವನ್ನು ಓದಲು ವರ್ಷದ ಕೊನೆಯವರೆಗೂ ಕಾಯಬೇಡಿ. ನಾನು ನವೆಂಬರಿನವರೆಗೆ ತಡಮಾಡಿದೆ.